ಭಾನುವಾರದ ಕಾಲುದಾರಿಗಳು

ಉಡುಪಿಯಿಂದ ಪೂರ್ವಕ್ಕೆ ಹೊರಟರೆ ಆಗುಂಬೆ ಘಾಟಿಯ ತಲೆಗೆ 55 ಕಿ.ಮೀ. ಆಸುಪಾಸಿನ ದಾರಿ. ಇಷ್ಟು ಕಿರಿದಾದ ಪಟ್ಟಿಯೊಳಗೆ ಕಡಲು, ಅಳಿವೆ, ಬೈಲುಗದ್ದೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳುಗುಡ್ಡೆ, ಅಡಿಕೆ ತೋಟ, ಕೆರೆ, ಮಳೆನೀರು ನಿಲ್ಲುವ ಮದಗ, ಒಂಟಿ ಕರಿಬಂಡೆ, ದಟ್ಟ ಕಾಡು, ಕೊನೆಗೆ ಘಟ್ಟದ ಗೋಡೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಕಾರಿನಲ್ಲಿ ಒಂದೂವರೆ ಗಂಟೆಗೆ ದಾಟಿಹೋಗುವ ಈ ಸೀಮೆಯನ್ನು ನಮ್ಮದೊಂದು ಸಣ್ಣ ಗುಂಪು ಕೆಲವು ವರ್ಷಗಳಿಂದ ಪ್ರತಿ ಭಾನುವಾರ ತುಂಡುತುಂಡಾಗಿ ನಡೆಯುತ್ತ ಬಂದಿದೆ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಒಂದೇ ಬಣ್ಣದ ಟೀಶರ್ಟೂ ಇಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಹೈಸ್ಕೂಲಿನ ಮಾಸ್ಟ್ರು, ಮಣಿಪಾಲದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು ನರ್ಸುಗಳು, ಸೊಸೈಟಿಯ ಗುಮಾಸ್ತರು, ಅವರ ಕಾಲೇಜು ಓದುವ ಮಗಳು, ಹೀಗೆ ಹತ್ತು ಹನ್ನೆರಡು ಜನ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಹಗಲು ನಡೆದು, ಕತ್ತಲಾಗುವ ಮೊದಲು ಬಸ್ಸಿನಲ್ಲಿಯೇ ಮರಳುವುದು ಕ್ರಮ. ಹೋದ ದಾರಿಯಲ್ಲೇ ವಾಪಸು ಬರಬೇಕೆಂದಿಲ್ಲ. ಒಂದು ಊರಲ್ಲಿ ಇಳಿದು ಇನ್ನೊಂದು ಊರಲ್ಲಿ ಬಸ್ಸು ಹತ್ತುವುದೇ ಹೆಚ್ಚು. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳು ಮೂಲೆಮೂಲೆಗೂ ಹೋಗುವುದರಿಂದ ಇದು ಸಾಧ್ಯವಾಗಿದೆ.

ಇದನ್ನು ಚಾರಣ ಎಂದು ಕರೆದರೆ ಕೇಳಿದವರು ಕೂಡಲೇ ಕುದುರೆಮುಖವನ್ನೋ ಕುಮಾರಪರ್ವತವನ್ನೋ ನೆನೆಸಿಕೊಂಡು, ಎಷ್ಟು ಗಂಟೆಯಲ್ಲಿ ಹತ್ತಿದಿರಿ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. 1,892 ಮೀಟರ್ ಎತ್ತರದ ಕುದುರೆಮುಖಕ್ಕೆ ಮುಳ್ಳೋಡಿಯಿಂದ ಹತ್ತಿ ಇಳಿಯುವುದು ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ, ಇಡೀ ದಿನವನ್ನು ನುಂಗುವ ಕೆಲಸ. ವರ್ಷಕ್ಕೊಮ್ಮೆ ಅದು ಸರಿ. ವಾರವಾರ ನಡೆಯುವವರಿಗೆ ಬೇಕಾದದ್ದು ಬೇರೆ: ಎಂಟು ಹತ್ತು ಕಿಲೋಮೀಟರಿನ ದಾರಿ, ನಡುವೆ ಒಂದು ನೀರು, ಒಂದು ಏರು, ಕುಳಿತು ಬುತ್ತಿ ಬಿಚ್ಚಲು ನೆರಳು, ಕೊನೆಗೆ ಚಹಾ ಸಿಗುವ ಒಂದು ಅಂಗಡಿ.

ಮೊದಮೊದಲು ನಾವೂ ಲೆಕ್ಕ ಹಾಕಿ ನಡೆಯುತ್ತಿದ್ದೆವು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದಿದೆ. ಸಮತಟ್ಟಿನಲ್ಲಿ ಗಂಟೆಗೆ ಸುಮಾರು ಐದು ಕಿಲೋಮೀಟರ್ ಹಿಡಿಯಬೇಕು, ಏರಿನಲ್ಲಿ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಸೇರಿಸಬೇಕು ಎಂಬುದು ಅದರ ಸಾರ. ಇಂಗ್ಲೆಂಡಿನ ಸರೋವರ ಸೀಮೆಯ (ಲೇಕ್ ಡಿಸ್ಟ್ರಿಕ್ಟ್) ತಂಪಿನಲ್ಲಿ ಪ್ರತಿ ವಾರ ನಡೆಯುವ ಗುಂಪುಗಳಿಗೆ ಇಂದಿಗೂ ಅದು ಕೆಲಸಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿಯೇ ನೀರು ಹೊತ್ತು ನಿಂತಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಮಾರ್ಚ್ ತಿಂಗಳ ಹನ್ನೊಂದು ಗಂಟೆಗೆ ಮುರಕಲ್ಲಿನ ಬಯಲಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯಲು ಹೊರಟವರು ಹೆಚ್ಚು ದೂರ ಹೋಗಲಾರರು. ಹೀಗಾಗಿ ಗಂಟೆಗೆ ಮೂರು ಕಿಲೋಮೀಟರ್ ಎಂದು ಹಿಡಿದು, ಅದಕ್ಕಿಂತ ಮುಖ್ಯವಾಗಿ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡುವ ಪದ್ಧತಿಯನ್ನು ಮಾಡಿಕೊಂಡೆವು. ಮಂಡಿನೋವಿನ ಅಕ್ಕನೊಬ್ಬರು ಈಗ ನಮ್ಮ ಕಾಯಂ ಮುಂದಾಳು. ಚುರುಕು ಕಾಲಿನವರಿಗೆ ಇದು ಮೊದಲು ಕಿರಿಕಿರಿಯೇ. ಆದರೆ ನಿಧಾನವಾಗಿ ನಡೆಯುವವರು ಹಿಂದೆ ಉಳಿದಾಗ ಮುಂದಿನವರು ನಿಂತು ಕಾಯುತ್ತಾರೆ, ಹಿಂದಿನವರು ಬಂದು ತಲುಪಿದ ಕೂಡಲೇ ವಿಶ್ರಾಂತಿ ಮುಗಿಸಿ ಹೊರಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಅದು ದಕ್ಕುವುದಿಲ್ಲ. ಮುಂದೆ ಬಿಟ್ಟರೆ ಈ ತೊಂದರೆ ಇಲ್ಲ.

ನಿಧಾನದಿಂದ ಇನ್ನೊಂದು ಲಾಭವೂ ಇದೆ, ಮತ್ತು ಈ ಬರಹದ ವಿಷಯ ಅದೇ. ನಿಧಾನವಾಗಿ ಹೋಗುವವರನ್ನು ಜನ ಮಾತಾಡಿಸುತ್ತಾರೆ. ನಮ್ಮ ಕಡೆಯ ಕಾಲುದಾರಿಗಳು ಊರ ಹೊರಗಿನ ನಿರ್ಜನ ಹಾದಿಗಳಲ್ಲ. ಗದ್ದೆಯ ಹುಣಿಯ ಮೇಲೆ ಸಾಗಿ, ತೋಡು ಎಂಬ ಸಣ್ಣ ಹಳ್ಳದ ಸಂಕ ದಾಟಿ, ಬೇಲಿಯ ತಡಮೆ ಹತ್ತಿಳಿದು, ಒಂದು ಮನೆಯ ಅಂಗಳದ ಅಂಚಿನಲ್ಲಿ, ಇನ್ನೊಂದು ಮನೆಯ ದನದ ಹಟ್ಟಿಯ ಹಿಂದೆ ಹೋಗುವ ದಾರಿಗಳು ಅವು. ಅಪರಿಚಿತರು ಹತ್ತು ಜನ ಒಟ್ಟಿಗೆ ಬಂದರೆ ಮೊದಲು ನಾಯಿ, ಆಮೇಲೆ ಮನೆಯವರು ಎದುರಾಗುತ್ತಾರೆ. 'ಒಡೆಗ್?' (ಎಲ್ಲಿಗೆ?) ಎಂದು ತುಳುವಿನಲ್ಲಿ ಕೇಳುವ ಆ ಪ್ರಶ್ನೆಯಲ್ಲಿ ಸಂಶಯಕ್ಕಿಂತ ಕುತೂಹಲವೇ ಹೆಚ್ಚು. ಸುಮ್ಮನೆ ನಡೆಯಲು ಬಂದೆವು ಎಂದರೆ ನಂಬುವವರು ಕಡಿಮೆ. ಜಾಗ ನೋಡಲು ಬಂದ ದಲ್ಲಾಳಿಗಳೋ, ರಸ್ತೆಯ ಸರ್ವೆಯವರೋ ಎಂಬ ಅನುಮಾನ ಉಳಿಯುತ್ತದೆ. ಎರಡನೆಯ ಸಲ, ಮೂರನೆಯ ಸಲ ಅದೇ ದಾರಿಯಲ್ಲಿ ಕಂಡಾಗ ಮಾತ್ರ ಅದು ಹೋಗುತ್ತದೆ. ವರ್ಷಕ್ಕೊಂದು ದೊಡ್ಡ ಶಿಖರ ಹತ್ತುವವರಿಗೆ ಈ ಎರಡನೆಯ ಸಲ ಎಂಬುದೇ ಇಲ್ಲ.

ಇಂಗ್ಲೆಂಡಿನಲ್ಲಿ ಸಂಗತಿ ಬೇರೆ. ಅಲ್ಲಿ ಕಾಲುದಾರಿ ಕಾನೂನಿನ ಹಕ್ಕು. 1932ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಕೆಲಸಗಾರರು ಸೇರಿದಂತೆ ನೂರಾರು ಜನ ಜಮೀನ್ದಾರರ ಬೇಟೆಯ ಬಯಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಪ್ಪಣೆಯಿಲ್ಲದೆ ನುಗ್ಗಿದರು, ಕೆಲವರು ಜೈಲಿಗೂ ಹೋದರು. 1935ರಲ್ಲಿ ನಡಿಗೆಯವರದೇ ರಾಷ್ಟ್ರಮಟ್ಟದ ಸಂಘ ಹುಟ್ಟಿತು. 1949ರ ಕಾಯಿದೆಯು ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳನ್ನು ಸರ್ವೆ ಮಾಡಿ ಅಧಿಕೃತ ನಕಾಶೆಯಲ್ಲಿ ದಾಖಲಿಸಬೇಕೆಂದು ಹೇಳಿತು. 1951ರಲ್ಲಿ ಸರೋವರ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2 ಲಕ್ಷ ಕಿಲೋಮೀಟರಿಗೂ ಮಿಕ್ಕಿ ಇಂಥ ಹಕ್ಕಿನ ದಾರಿಗಳಿವೆ. ರೈತ ಹೊಲ ಉತ್ತರೂ ಅಡ್ಡಹಾಯುವ ದಾರಿಯನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಅಲ್ಲಿಯ ಗುಂಪು ಯಾರನ್ನೂ ಕೇಳಬೇಕಾಗಿಲ್ಲ, ನಕಾಶೆ ಬಿಚ್ಚಿದರೆ ಸಾಕು.

ನಮ್ಮಲ್ಲಿ ಕಾನೂನೇ ಇಲ್ಲ ಎಂದೇನಲ್ಲ. 1882ರ ಅನುಭೋಗ ಹಕ್ಕುಗಳ ಕಾಯಿದೆ 20 ವರ್ಷ ಎಡೆಬಿಡದೆ, ಹಕ್ಕಿನಿಂದ, ಬಹಿರಂಗವಾಗಿ ಬಳಸಿದ ದಾರಿಯನ್ನು ಮಾನ್ಯ ಮಾಡುತ್ತದೆ. ಊರಿನ ರೂಢಿಯಿಂದ ಬಂದ ಹಕ್ಕನ್ನೂ ಒಪ್ಪುತ್ತದೆ. ಗ್ರಾಮ ನಕಾಶೆಗಳಲ್ಲಿ ಕಾಲುದಾರಿ, ಬಂಡಿದಾರಿ ಎಂದು ಗೆರೆ ಎಳೆದಿರುತ್ತಾರೆ. ಆದರೆ ಈ ಹಕ್ಕುಗಳು ಆ ಊರಿನ, ಆ ಮನೆಯ ಜನರವು. ಭಾನುವಾರ ಉಡುಪಿಯಿಂದ ಬಂದಿಳಿಯುವ ನಮ್ಮವಲ್ಲ. ನಾವು ನಡೆಯುವುದು ಇನ್ನೊಬ್ಬರ ಸೌಜನ್ಯದ ಮೇಲೆ. ಇದನ್ನು ಮೊದಲು ನಾನು ಕೊರತೆಯೆಂದು ತಿಳಿದಿದ್ದೆ, ಈಗ ಹಾಗೆ ಅನ್ನಿಸುವುದಿಲ್ಲ. ಕೇಳಿ ನಡೆಯಬೇಕಾದ ಗುಂಪು ತಾನಾಗಿಯೇ ಸಣ್ಣದಾಗಿರುತ್ತದೆ, ಗಲಾಟೆ ಮಾಡುವುದಿಲ್ಲ, ಬಾಳೆಹಣ್ಣಿನ ಸಿಪ್ಪೆಯನ್ನೂ ಚೀಲಕ್ಕೇ ಹಾಕಿಕೊಳ್ಳುತ್ತದೆ. ಸ್ಪೀಕರ್ ಹಿಡಿದು ಹಾಡು ಹಾಕಿಕೊಂಡು ಬರುವ ನಲವತ್ತು ಜನರ ತಂಡಕ್ಕೆ ಯಾವ ಅಮ್ಮನೂ ಕರೆದು ಮಜ್ಜಿಗೆ ಕೊಡುವುದಿಲ್ಲ.

ಈ ದಾರಿಗಳು ಹುಟ್ಟಿದ್ದು ಹೇಗೆಂದು ಗಮನಿಸಿದರೆ ಅವು ಸಾಯುತ್ತಿರುವುದು ಏಕೆಂದೂ ತಿಳಿಯುತ್ತದೆ. ಕೆನರಾ ಜಿಲ್ಲೆಯ ಹಳೆಯ ಭೂವ್ಯವಸ್ಥೆಯಲ್ಲಿ ಕದೀಂ ವರ್ಗದ (ಹಿಂದಿನಿಂದ ಸಾಗುವಳಿಯಲ್ಲಿದ್ದ) ಜಮೀನಿಗೆ ತಾಗಿದ 100 ಗಜದೊಳಗಿನ ಸರ್ಕಾರಿ ಜಾಗ ಕುಮ್ಕಿ ಎನಿಸಿಕೊಳ್ಳುತ್ತಿತ್ತು. ಅಲ್ಲಿಂದ ಸೊಪ್ಪು, ತರಗೆಲೆ, ಸೌದೆ ತರುವ ಸವಲತ್ತು ಆ ಜಮೀನಿನವರಿಗೆ. ತಗ್ಗಿನ ಬೈಲಿನ ಮನೆಯಿಂದ ನಡುಮಟ್ಟದ ಮಜಲು ಗದ್ದೆ, ಮಜಲಿನಿಂದ ಮೇಲಿನ ಬೆಟ್ಟು ಗದ್ದೆ, ಅಲ್ಲಿಂದ ಕುಮ್ಕಿಯ ಗುಡ್ಡೆ ಎಂದು ಹೆಂಗಸರು ದಿನವೂ ಸೊಪ್ಪಿನ ಹೊರೆ ಹೊತ್ತು ಹತ್ತಿಳಿದುದರಿಂದ ಗುಡ್ಡೆಗಳಿಗೆ ದಾರಿಗಳಾದವು. ಹಟ್ಟಿ ಖಾಲಿಯಾದ ಮೇಲೆ ಸೊಪ್ಪು ಯಾರಿಗೂ ಬೇಡ. ಅಡುಗೆಗೆ ಗ್ಯಾಸು ಬಂದ ಮೇಲೆ ಸೌದೆಯೂ ಬೇಡ. ಗುಡ್ಡೆ ದಾಟಿ ಶಾಲೆಗೆ ಹೋಗುತ್ತಿದ್ದ ಮಕ್ಕಳನ್ನು ಈಗ ಮನೆಬಾಗಿಲಿಗೆ ವ್ಯಾನು ಬಂದು ಕರೆದೊಯ್ಯುತ್ತದೆ. ಒಂದೆರಡು ಮಳೆಗಾಲ ಯಾರೂ ತುಳಿಯದಿದ್ದರೆ ಮುಳ್ಳುಪೊದೆಗಳು ದಾರಿಯನ್ನು ಮುಚ್ಚಿಬಿಡುತ್ತವೆ. ಅಷ್ಟರಲ್ಲಿ ಮುರಕಲ್ಲಿನ ಕಂಪೌಂಡ್ ಎದ್ದು, ತಡಮೆಯಿದ್ದಲ್ಲಿ ಬೀಗ ಹಾಕಿದ ಗೇಟು ಬಂದಿರುತ್ತದೆ. ಕಂಪೌಂಡ್ ಕಟ್ಟಿದವರನ್ನು ದೂರುವಂತಿಲ್ಲ. ಯಾರೂ ನಡೆಯದ ದಾರಿಯನ್ನು ಅವರಾದರೂ ಏಕೆ ಬಿಟ್ಟುಕೊಂಡಿರಬೇಕು?

ದಾರಿಗಳು ಇನ್ನೂ ಚೆನ್ನಾಗಿ ಉಳಿದಿರುವುದು ಕೆರೆಗಳ ಸುತ್ತ. ಕಾರ್ಕಳ ಇದಕ್ಕೆ ಒಳ್ಳೆಯ ಉದಾಹರಣೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನ ಬಂಡೆಗುಡ್ಡೆಯನ್ನು ಬೆಳಿಗ್ಗೆ ಎಂಟಕ್ಕೆ ಮೊದಲು ಹತ್ತಿದರೆ ಪೂರ್ವದಲ್ಲಿ ಘಟ್ಟದ ಸಾಲು ಉದ್ದಕ್ಕೂ ಕಾಣುತ್ತದೆ, ಕೆಳಗೆ ರಾಮಸಮುದ್ರದ ನೀರು. ಇಳಿದು 1586ರ ಚತುರ್ಮುಖ ಬಸದಿಯ ದಿಬ್ಬವನ್ನು ಹತ್ತಿ, ಆಮೇಲೆ ನೀರಿನ ನಡುವೆ ಬಸದಿಯಿರುವ ಆನೆಕೆರೆಯ ಕಡೆಗೆ ತಿರುಗಬಹುದು. ಹೊಸಬರು ಬಂದಾಗ ನಾವು ಮೊದಲು ಕರೆದೊಯ್ಯುವುದು ಇಲ್ಲಿಗೇ, ಏಕೆಂದರೆ ಸುಸ್ತಾದವರು ಎಲ್ಲಿ ಬೇಕಾದರೂ ರಿಕ್ಷಾ ಹಿಡಿಯಬಹುದು. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಮಾತಿದೆ. ಕಡಲಕೆರೆಯಿಂದ ಶುರುಮಾಡಿ ಕೊಡಂಜೆಕಲ್ಲಿನ ಜೋಡಿ ಬಂಡೆಯ ಬುಡದವರೆಗೆ ನಡೆದರೆ ಒಂದು ದಿನದ ಕೆಲಸ ತುಂಬುತ್ತದೆ. ಉಡುಪಿಗೆ ಇನ್ನೂ ಹತ್ತಿರ ಬೇಕೆಂದರೆ ಮಧ್ವಾಚಾರ್ಯರು ಹುಟ್ಟಿದ ಪಾಜಕ ಮತ್ತು ಅದರ ಪಕ್ಕದ ಕುಂಜಾರುಗಿರಿ ಇವೆ. ಆ ಸಣ್ಣ ಬೆಟ್ಟದ ಸುತ್ತ ಪರಶು, ಧನುಸ್ಸು, ಗದೆ, ಬಾಣಗಳ ಹೆಸರಿನ ನಾಲ್ಕು ತೀರ್ಥಗಳಿರುವುದರಿಂದ ಬೆಟ್ಟ ಹತ್ತುವುದಕ್ಕಿಂತ ತೀರ್ಥದಿಂದ ತೀರ್ಥಕ್ಕೆ ಸುತ್ತು ಬರುವುದೇ ಒಳ್ಳೆಯ ನಡಿಗೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವರಂಗ. ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯ ಬದಿಯಲ್ಲಿರುವ ಈ ಊರಿನ ಕೆರೆಬಸದಿಗೆ ದೋಣಿಯಲ್ಲೇ ಹೋಗಬೇಕು. ಪ್ರವಾಸಿಗರು ದೋಣಿಯಲ್ಲಿ ಹೋಗಿ, ಆ ಚತುರ್ಮುಖ ಬಸದಿಯನ್ನು ನೋಡಿ, ಫೋಟೋ ತೆಗೆದು ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಅವರಲ್ಲಿ ತಪ್ಪೇನಿಲ್ಲ. ಆದರೆ ಕೆರೆಯಿಂದಾಚೆ ಗದ್ದೆಗಳಲ್ಲಿ ನಡೆದಾಗ ಮಾತ್ರ ಆ ಕೆರೆ ಅಲ್ಲಿ ಏಕಿದೆ ಎಂಬುದು ಅರ್ಥವಾಗುತ್ತದೆ. ಮಳೆಗಾಲದಲ್ಲಿ ಮೇಲಿನ ಗುಡ್ಡೆಗಳು ಕುಡಿದ ನೀರು ಬುಡದಲ್ಲಿ ಒಸರಾಗಿ ಹೊರಬೀಳುತ್ತದೆ. ಕೆರೆ, ಮದಗಗಳು ಅದನ್ನು ಹಿಡಿದಿಟ್ಟು ಮಳೆಗಾಲದ ಏಣಿಲು ಬೆಳೆ ಕಟಾವಾದ ಮೇಲೆ ಎರಡನೆಯ ಬೆಳೆಯಾದ ಸುಗ್ಗಿಗೆ, ನೀರು ಉಳಿದಲ್ಲಿ ಮೂರನೆಯ ಬೆಳೆಯಾದ ಕೊಳಕೆಗೂ ಕೊಡುತ್ತವೆ. ಮುರಕಲ್ಲಿನ ಗುಡ್ಡೆಯನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿದ ಕಡೆಯಲ್ಲೆಲ್ಲ ಫೆಬ್ರವರಿಗೇ ಕೆಳಗಿನ ಬಾವಿ ತಳ ಕಾಣುವುದನ್ನು ನಡೆಯುವವರು ಕಣ್ಣಾರೆ ನೋಡುತ್ತಾರೆ. ಉಡುಪಿ ನಗರ ಕುಡಿಯುವುದು ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣಾ ನದಿಯ ನೀರನ್ನು. ಅದು ಹುಟ್ಟುವುದು ಇದೇ ಘಟ್ಟದ ಬುಡದ ತೋಡುಗಳಲ್ಲಿ. ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿ ಬಂದರೆ ಗೊಣಗುವ ನಮಗೆ ಆ ತೋಡುಗಳ ಪರಿಚಯ ಇರುವುದು ಒಳ್ಳೆಯದೇ.

ಇನ್ನು ಘಟ್ಟ. ಕೆಳಗಿನ ಊರುಗಳಲ್ಲಿ ಕೇಳಬೇಕಾದದ್ದು ಮನೆಯವರನ್ನು, ಮೇಲೆ ಅರಣ್ಯ ಇಲಾಖೆಯನ್ನು. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಅದರ ಮಗ್ಗುಲಲ್ಲೇ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆಯ ಕಾಡುಗಳೂ ಅದರಲ್ಲಿದ್ದವು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದ ಚಿತ್ರಗಳು ಎಲ್ಲರ ಫೋನುಗಳಲ್ಲೂ ಹರಿದಾಡಿದವು. ಆಮೇಲೆ ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಆನ್‌ಲೈನ್ ನೋಂದಣಿಯನ್ನೂ ದಿನಕ್ಕೆ ಒಂದು ದಾರಿಗೆ 300 ಜನರ ಮಿತಿಯನ್ನೂ ತಂದಿತು. ಈ ಮಿತಿಯ ಬಗ್ಗೆ ಚಾರಣಪ್ರಿಯರು ಬೇಸರಪಟ್ಟರು. ನನ್ನ ಅಭಿಪ್ರಾಯದಲ್ಲಿ 300 ಎಂಬುದೇ ಜಾಸ್ತಿ. ಹುಲ್ಲುಗಾವಲಿನ ತೆಳು ಮಣ್ಣಿನ ಮೇಲೆ ಅಷ್ಟು ಜನ ಒಂದೇ ಗೆರೆಯಲ್ಲಿ ನಡೆದರೆ ಮೊದಲ ಮಳೆಗೇ ಅದು ಕೊರಕಲಾಗುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲನ್ನು ತುಳಿದು ಇನ್ನೊಂದು ಗೆರೆ ಮಾಡುತ್ತಾರೆ. ತಗ್ಗಿನ ಊರುಗಳಲ್ಲಿ ನಡೆಯುವವರಿಲ್ಲದೆ ದಾರಿ ಸಾಯುತ್ತದೆ, ಶಿಖರಗಳಲ್ಲಿ ನಡೆಯುವವರು ಹೆಚ್ಚಾಗಿ ಬೆಟ್ಟ ಸವೆಯುತ್ತದೆ. ಎರಡರ ನಡುವೆ ಹತ್ತು ಜನರ ಗುಂಪಿಗೆ ಮಾಡಲು ಕೆಲಸವಿದೆ ಎಂದು ನನಗೆ ಹೊಳೆದದ್ದು ಆ ಚಿತ್ರಗಳನ್ನು ನೋಡಿದ ಮೇಲೆ.

ವಾರವಾರ ನಡೆಯುವುದೆಂದರೆ ಎಲ್ಲ ಋತುವಿನಲ್ಲೂ ನಡೆಯುವುದು. ಇಂಗ್ಲೆಂಡಿನ ಸರೋವರ ಸೀಮೆಯ ಸೀತ್‌ವೇಟ್ ಆ ದೇಶದಲ್ಲೇ ಅತಿ ಹೆಚ್ಚು ಮಳೆಯ ಜನವಸತಿಯೆಂದು ಹೆಸರಾದದ್ದು, ವರ್ಷಕ್ಕೆ ಅಲ್ಲಿ ಬೀಳುವುದು ಸುಮಾರು 3,300 ಮಿ.ಮೀ. ನಮ್ಮ ಉಡುಪಿಯ ಬಯಲಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ, ಆಗುಂಬೆಯಲ್ಲಿ ಅದರ ಇಮ್ಮಡಿಗೂ ಮಿಕ್ಕಿ. ವ್ಯತ್ಯಾಸವೆಂದರೆ ಅಲ್ಲಿಯ ಮಳೆ ವರ್ಷವಿಡೀ ಹಂಚಿಹೋಗುತ್ತದೆ, ನಮ್ಮದು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಾವು ಘಟ್ಟದ ಕಡೆ ತಲೆಹಾಕುವುದಿಲ್ಲ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತಲೋ, ಊರ ದಾರಿಗಳಲ್ಲೋ ಕೊಡೆ ಹಿಡಿದು ಮೂರು ಗಂಟೆ ನಡೆದು, ಯಾರದಾದರೂ ಮನೆಯಲ್ಲಿ ಪತ್ರೊಡೆ ತಿಂದು ಮುಗಿಸುತ್ತೇವೆ. ಸೆಪ್ಟೆಂಬರ್ ಉಂಬಳಗಳ (ಜಿಗಣೆಗಳ) ಕಾಲ. ತೆಂಗಿನೆಣ್ಣೆಯಲ್ಲಿ ನಶ್ಯ ಕಲಸಿ ಕಾಲಿಗೆ ಹಚ್ಚಿಕೊಳ್ಳುವವರು, ಉಪ್ಪಿನ ಗಂಟು ಕಟ್ಟಿದ ಕೋಲು ಹಿಡಿಯುವವರು, ಏನೂ ಮಾಡದೆ ಕಚ್ಚಿಸಿಕೊಂಡು ಕೊನೆಗೆ ಎಣಿಸುವವರು ಎಂದು ಗುಂಪಿನಲ್ಲಿ ಮೂರು ಪಂಥಗಳಿವೆ. ಯಾರೂ ಯಾರನ್ನೂ ಒಪ್ಪಿಸಿಲ್ಲ. ಅಕ್ಟೋಬರಿನಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲು ಸಾಮಾನ್ಯವಾದ್ದರಿಂದ ಮರವಿಲ್ಲದ ಬಯಲುಗುಡ್ಡೆಯನ್ನು ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಇಳಿದಿರಬೇಕೆಂಬುದು ನಮ್ಮಲ್ಲಿರುವ ಒಂದೇ ಕಟ್ಟುನಿಟ್ಟು. ಡಿಸೆಂಬರಿನಿಂದ ಮೇ ತನಕ ಘಟ್ಟದ ಮೇಲಿನ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆ ಎಂಬ ರಕ್ತ ಹೀರುವ ಹುಳಗಳಿಂದ ಹರಡುವ ಈ ಜ್ವರ ತಮಾಷೆಯ ವಿಷಯವಲ್ಲ. ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗುವುದಿಲ್ಲ, ಉಳಿದ ಕಡೆ ಉಣ್ಣೆಗಳನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿ, ಮನೆಗೆ ಬಂದೊಡನೆ ಬಿಸಿನೀರು ಸ್ನಾನ ಮಾಡಬೇಕೆಂದು ನಮ್ಮ ನರ್ಸುಗಳ ಆಜ್ಞೆ.

ದಾರಿಗಳ ಬಗ್ಗೆ ಮಾತಾಡುವಾಗ ನಡಿಗೆಯವರಿಗೆ ಒಂದು ಚಪಲವಿರುತ್ತದೆ: ಹಳೆಯದೆಲ್ಲ ಹಾಗೆಯೇ ಉಳಿಯಲಿ ಎಂಬುದು. ಅಡಿಕೆ ಮರದ ಕಾಲುಸಂಕ ಭಾನುವಾರ ಒಮ್ಮೆ ದಾಟುವ ನಮಗೆ ಚೆಂದ. ಜುಲೈ ತಿಂಗಳಲ್ಲಿ ತುಂಬಿದ ತೋಡಿನ ಮೇಲೆ ಮಗುವನ್ನು ಶಾಲೆಗೆ ಕಳಿಸುವ ತಾಯಿಗೆ ಅದು ದಿನಾ ಎದೆಬಡಿತ. ಅಂಥ ಸಂಕಗಳಿಂದ ಜಾರಿ ಮಕ್ಕಳು ನೀರುಪಾಲಾದ ಸುದ್ದಿಗಳನ್ನು ನಾವೇ ಓದಿದ್ದೇವೆ. ಕಾಂಕ್ರೀಟಿನ ಸೇತುವೆ ಬಂದು, ಅದರ ಹಿಂದೆ ರಸ್ತೆ ಬಂದು, ನಮ್ಮ ದಾರಿಯೊಂದು ಇಲ್ಲವಾದರೆ ಅದಕ್ಕಾಗಿ ಕೊರಗುವ ಹಕ್ಕು ನಮಗಿಲ್ಲ ಎಂದು ಮಾಸ್ಟ್ರು ಹೇಳುತ್ತಾರೆ. ನನಗೂ ಅದು ಒಪ್ಪಿಗೆ. ರಸ್ತೆಯಾಗದೆ, ಕಂಪೌಂಡೂ ಏಳದೆ, ಬರೀ ಮರೆವಿನಿಂದ ಮುಚ್ಚಿಹೋಗುವ ದಾರಿಗಳ ವಿಷಯ ಮಾತ್ರ ಬೇರೆ. ಅವುಗಳಿಗೆ ಪ್ರತಿ ತಿಂಗಳು ಹತ್ತು ಜೊತೆ ಕಾಲು ಸಾಕು. ಮುಂದಾಳು ಅಕ್ಕ ಈಗ ಚೀಲದಲ್ಲಿ ಸಣ್ಣ ಕತ್ತಿಯೊಂದನ್ನು ಇಟ್ಟುಕೊಂಡೇ ಬರುತ್ತಾರೆ.

ಈಗ ಗುಂಪಿನಲ್ಲಿ ನಡೆದಿರುವ ಚರ್ಚೆ ನಕಾಶೆಯದ್ದು. ಕಾಲೇಜಿನ ಹುಡುಗಿ ತನ್ನ ಫೋನಿನಲ್ಲಿ ನಮ್ಮ ದಾರಿಗಳನ್ನು ಗುರುತು ಮಾಡುತ್ತ ಬಂದಿದ್ದಾಳೆ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಅವನ್ನೆಲ್ಲ ಹಾಕಬೇಕೆಂಬುದು ಅವಳ ವಾದ. ದಾಖಲೆಯಿಲ್ಲದ ದಾರಿಗೆ ಗೋಡೆ ಎದ್ದರೆ ಇಲ್ಲಿ ದಾರಿಯಿತ್ತೆಂದು ಹೇಳಲು ಯಾರಿರುತ್ತಾರೆ ಎಂದು ಅವಳು ಕೇಳುತ್ತಾಳೆ. ಬ್ಯಾಂಕಿನವರು ಒಪ್ಪುವುದಿಲ್ಲ. ನಕಾಶೆಗೆ ಬಿದ್ದ ಮರುವಾರವೇ ಬೈಕುಗಳು ಬರುತ್ತವೆ, ಅಂಗಳದಲ್ಲಿ ಹಾದುಹೋಗಲು ಬಿಟ್ಟ ಮನೆಯವರಿಗೆ ನಾವು ಮಾಡುವ ದ್ರೋಹವಾಗುತ್ತದೆ ಅದು, ಎಂಬುದು ಅವರ ಮಾತು. ಇಬ್ಬರದೂ ಸರಿ ಎಂದು ಕೈಕಟ್ಟಿ ಕೂರುವುದು ಸುಲಭವಾದರೂ ನಿರ್ಧಾರ ಮಾಡಲೇಬೇಕಿತ್ತು. ಗ್ರಾಮ ನಕಾಶೆಯಲ್ಲಿ ಈಗಾಗಲೇ ಕಾಲುದಾರಿಯೆಂದು ಇರುವುದನ್ನು, ದೇವಸ್ಥಾನಕ್ಕೋ ಬಸದಿಗೋ ಶಾಲೆಗೋ ಹೋಗುವುದನ್ನು, ಕೆರೆಯ ಏರಿಯ ಮೇಲಿನದನ್ನು ಹಾಕುವುದು, ಅಂಗಳ ಹಾಯುವುದನ್ನೂ ಕಾಡಿನೊಳಗಿನದನ್ನೂ ಹಾಕದಿರುವುದು ಎಂದು ಸದ್ಯಕ್ಕೆ ಮಾತಾಗಿದೆ. ಅಂಗಳದ ದಾರಿಗಳನ್ನು ಮಾಸ್ಟ್ರು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ, ಯಾವ ಮನೆಯಲ್ಲಿ ಯಾರನ್ನು ಕೇಳಬೇಕು ಎಂಬುದರ ಸಮೇತ.